ತೆರೆಯಲು ಹೆಗಲು, ಹಿಡಿಯಲು ಬೆರಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಮಳೆಗಾಲದ ಮರದ ಬಾಗಿಲಿನ ಹಟವನ್ನು ಅರಿಯದವರಿಲ್ಲ. ತೇವ ಕುಡಿದು ಉಬ್ಬಿದ ಕದವನ್ನು ತೆರೆಯಲು ಹೆಗಲು ಕೊಡಬೇಕು. ತೆರೆದ ಮೇಲೆ ಗಾಳಿಗೆ ಮುಚ್ಚದಂತೆ ಹಿಡಿಯಲು ಬೆರಳೊಂದು ಸಾಕು. ಇದೇ ವಿವೇಕವು ದೇವಿಮನೆ, ಅರಬೈಲು ಘಟ್ಟಗಳನ್ನೇರುವ ಬಸ್ಸಿನ ಎಂಜಿನ್ನಿನೊಳಗೂ ನಡೆದಿದೆಯೆಂದರೆ ಓದುಗರಿಗೆ ಸೋಜಿಗವಾದೀತು.

ಹಿಂದಿನ ಡೀಸೆಲ್ ಬಸ್ಸುಗಳಲ್ಲಿ ಇಂಧನವನ್ನು ಅಳೆದು ಕೊಡುತ್ತಿದ್ದುದು ಯಾಂತ್ರಿಕ ಪಂಪು. 1951ರಲ್ಲಿ ಸ್ಥಾಪನೆಗೊಂಡು, 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಬೆಂಗಳೂರಿನ ಮೈಕೋ ಸಂಸ್ಥೆ ಅಂತಹ ಪಂಪುಗಳಿಗೆ ಹೆಸರಾಗಿತ್ತು. ಈಗಿನ ಎಂಜಿನ್ನುಗಳಲ್ಲಿ ಆ ಅಳತೆ ವಿದ್ಯುತ್ತಿನ ಪಾಲಿಗೆ ಬಂದಿದೆ. ಇಂಜೆಕ್ಟರಿನ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಪುಟ್ಟ ಕವಾಟವೊಂದನ್ನು ಎತ್ತುತ್ತದೆ, ಇಂಧನ ಚಿಮ್ಮುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿನ ಅವಧಿ 30 ಮಿಲಿಸೆಕೆಂಡು. ಅದರಲ್ಲಿ ಇಂಧನ ಚಿಮ್ಮಲು ದೊರೆಯುವುದು ಕೆಲವೇ ಮಿಲಿಸೆಕೆಂಡು. ಕವಾಟ ತಡವಾಗಿ ತೆರೆದರೆ ಬಲ ಕುಂದುತ್ತದೆ. ತಡವಾಗಿ ಮುಚ್ಚಿದರೆ ಹೊಗೆ ಹೆಚ್ಚುತ್ತದೆ.

ಆದುದರಿಂದ ಮೊದಲು ಪ್ರಬಲ ಪ್ರವಾಹವನ್ನು ಹರಿಸುತ್ತಾರೆ. ಕವಾಟ ಎದ್ದೊಡನೆ ಅಯಸ್ಕಾಂತಕ್ಕೂ ಅದಕ್ಕೂ ನಡುವಣ ತೆರಪು ಕಿರಿದಾಗಿ, ಹಿಡಿತ ತಾನಾಗಿ ಬಿಗಿಯಾಗುತ್ತದೆ; ಮುಂದೆ ಅಲ್ಪ ಪ್ರವಾಹವೇ ಸಾಕು. ಪೆಟ್ರೋಲ್ ಕಾರುಗಳ ಒಂದು ಬಗೆಯ ಇಂಜೆಕ್ಟರುಗಳಲ್ಲಿ ತೆರೆಯಲು 4 ಆಂಪಿಯರ್, ಹಿಡಿಯಲು 1 ಆಂಪಿಯರ್ ಎಂಬುದು ರೂಢಿಯ ಲೆಕ್ಕ. ಎಷ್ಟು ಪ್ರವಾಹ, ಎಷ್ಟು ಹೊತ್ತು ಎಂಬುದನ್ನು ವಿಧಿಸುವುದು ಎಂಜಿನ್ ನಿಯಂತ್ರಕದ ತಂತ್ರಾಂಶ. ವಿದ್ಯುನ್ಮಂಡಲವು ಪ್ರವಾಹವನ್ನು ಅಳೆಯುತ್ತ, ಮಿತಿ ಮೀರಿದರೆ ಕಡಿದು, ಕುಗ್ಗಿದರೆ ಮರಳಿ ಬಿಟ್ಟು ಆ ಆಜ್ಞೆಯನ್ನು ಪಾಲಿಸುತ್ತದೆ. ಹೆಗಲಿನ ಬಲವನ್ನೇ ಕೊನೆಯವರೆಗೂ ಹಾಕಿದರೆ ಸುರುಳಿ ಕಾಯುತ್ತದೆ; ಕವಾಟ ಮುಚ್ಚುವುದೂ ತಡವಾಗುತ್ತದೆ.

2020ರ ಏಪ್ರಿಲ್ 1ರಂದು ಬಿಎಸ್ 6 ನಿಯಮ ಜಾರಿಗೆ ಬಂದ ಬಳಿಕ ಹೊಸ ಸ್ಕೂಟರುಗಳಲ್ಲಿಯೂ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಜೆಕ್ಟರು ಪಡೆಯಿತು. ಇಲ್ಲಿಯ ಏರ್ಪಾಡು ಸರಳ. ಸುರುಳಿಯ ರೋಧವೇ ಸಾಮಾನ್ಯವಾಗಿ ಸುಮಾರು 12 ಓಮ್ ಇರುವುದರಿಂದ, 12 ವೋಲ್ಟಿಗೆ ಹರಿಯುವುದು ಸುಮಾರು 1 ಆಂಪಿಯರ್ ಮಾತ್ರ. ಆದರೆ ಸೋತ ಬ್ಯಾಟರಿಯುಳ್ಳ ಸ್ಕೂಟರನ್ನು ಮಳೆಗಾಲದ ಮುಂಜಾನೆ ಎಬ್ಬಿಸುವಾಗ ವೋಲ್ಟು 9ಕ್ಕೆ ಇಳಿಯಬಹುದು. ಆಗ ಕವಾಟ ನಿಧಾನವಾಗಿ ತೆರೆಯುತ್ತದೆ. ತಂತ್ರಾಂಶವು ವೋಲ್ಟನ್ನು ನೋಡಿ, ಕಳೆದ ಕ್ಷಣವನ್ನು ಆಜ್ಞೆಯ ಅವಧಿಗೆ ಕೂಡಿಸಿ ಇಂಧನದ ಅಳತೆಯನ್ನು ಉಳಿಸುತ್ತದೆ. ಈ ಉಪಕಾರಕ್ಕೂ ಒಂದು ಮೇರೆಯುಂಟು. ಬ್ಯಾಟರಿ ಪೂರ್ತಿ ಸೋತರೆ ಯಾವ ಲೆಕ್ಕವೂ ನಡೆಯದು.

ಗೃಹಸ್ಥರು ಗಮನಿಸಬೇಕಾದ ಮಾತು ಇನ್ನೊಂದು. ನೋಡಲು ಒಂದೇ ತೆರನಾಗಿದೆಯೆಂದು ಬೇರೆ ವಾಹನದ ಇಂಜೆಕ್ಟರನ್ನು ಜೋಡಿಸುವುದು ಸಲ್ಲದು. ಅದರ ಸುರುಳಿಯ ರೋಧ 2 ಓಮ್ ಆಗಿದ್ದರೆ, 1 ಆಂಪಿಯರಿಗಾಗಿ ರಚಿಸಿದ ಸರಳ ಮಂಡಲದಲ್ಲಿ 6 ಆಂಪಿಯರಿನವರೆಗೆ ಹರಿದು ನಿಯಂತ್ರಕವೇ ಸುಟ್ಟುಹೋಗಬಹುದು. ಅಗ್ಗದ ಬಿಡಿಭಾಗಕ್ಕೆ ತೆರುವ ಬೆಲೆ ಆಗ ಬಹಳ ದುಬಾರಿ. ಜಡಿಮಳೆಯ ರಾತ್ರಿ ಘಟ್ಟದ ತಿರುವಿನಲ್ಲಿ, ಆಸ್ಪತ್ರೆಗೆ ಹೊರಟವರನ್ನು ಹೊತ್ತ ವಾಹನ ನಿಂತುಬಿಟ್ಟರೆ ಆ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸಲೂ ಆಗದು. ಮಳೆ ಹಿಡಿಯುವ ಮುನ್ನ ಮನೆಯ ಕದಗಳನ್ನು ನೋಡಿಕೊಳ್ಳುವವರು ವಾಹನದ ಬ್ಯಾಟರಿಯನ್ನೂ ತಂತಿಗಳ ಬೆಸುಗೆಯನ್ನೂ ಒಮ್ಮೆ ತೋರಿಸಿಕೊಳ್ಳುವುದು ಲೇಸು.