ಕೇಸಿಂಗ್ ಪೈಪ್ ಯಾರ ಲೆಕ್ಕಕ್ಕೆ?

ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ತೋಟ ಇರುವ ಯಾವ ಮನೆಗೆ ಹೋದರೂ ಒಂದು ಬೋರ್‌ವೆಲ್ ಕಥೆ ಸಿಗುತ್ತೆ. ನಮ್ಮ ಮನೆಯಲ್ಲಿ ಎರಡಿವೆ. ಅವೆರಡಕ್ಕೂ ಇರುವ ವ್ಯತ್ಯಾಸ ಏನು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಮಾತ್ರ ಇತ್ತೀಚೆಗೆ, ಮೆಟ್ರೊದಲ್ಲಿ ನಿಂತುಕೊಂಡು ಫೋನಿನಲ್ಲಿ ಸುರಂಗದ ಗುತ್ತಿಗೆಗಳ ಬಗ್ಗೆ ಓದುವಾಗ.

ಮೊದಲನೇ ಕಥೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ತೋಟದ ಹಳೇ ಬೋರ್ ಬತ್ತಿತ್ತು. ನೀರು ತೋರಿಸುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸುತ್ತಾಡಿ ಒಂದು ಜಾಗ ತೋರಿಸಿದರು. ಬೋರ್ ಕೊರೆಸುವ ಏಜೆಂಟ್ ಅಡಿಗಿಷ್ಟು ಅಂತ ರೇಟು ಹೇಳಿದ. ಅಪ್ಪ ಒಪ್ಪಲಿಲ್ಲ. “ಅಡಿ ಲೆಕ್ಕ ಹಾಕ್ಕೊಂಡು ಕೂತ್ರೆ ಬೆಳಗ್ಗೆ ಹೊತ್ಗೆ ಬಿಲ್ಲು ಎಲ್ಲಿಗೆ ಹೋಗಿರುತ್ತೋ ಯಾರಿಗ್ ಗೊತ್ತು? ಆರ್ನೂರು ಅಡಿ, ಕೇಸಿಂಗ್ ಸೇರಿ, ಒಟ್ಟು ಇಷ್ಟು ಅಂತ ಮುಗಿಸಿಬಿಡಪ್ಪ.” 90 ಸಾವಿರಕ್ಕೆ ಮಾತಾಯಿತು. ಪಕ್ಕದ ತೋಟದಲ್ಲಿ 60 ಅಡಿಗೇ ಬಂಡೆ ಸಿಕ್ಕಿತ್ತು, ನಮ್ಮದರಲ್ಲೂ ಅಷ್ಟೇ ಅಂತ ಏಜೆಂಟ್ ಅಂದುಕೊಂಡ. ಅಪ್ಪನಿಗೆ ಒಳ್ಳೇ ವ್ಯಾಪಾರ ಮಾಡಿದ ಖುಷಿ.

ರಾತ್ರಿ ಗಾಡಿ ಬಂತು. 60 ಅಡಿ ಹೋಯಿತು, ಮೆತ್ತಗಿನ ಮಣ್ಣೇ. 80 ಹೋಯಿತು, ಇನ್ನೂ ಮಣ್ಣೇ. ಮಣ್ಣು ಇರುವಷ್ಟು ಆಳಕ್ಕೂ ಕೇಸಿಂಗ್ ಪೈಪ್ ಇಳಿಸಬೇಕು, ಇಲ್ಲದಿದ್ದರೆ ಬೋರ್ ಕುಸಿಯುತ್ತೆ. ಆದರೆ ಅವತ್ತು ಇಳಿಸುವ ಪ್ರತಿ ಪೈಪೂ ಏಜೆಂಟ್ ಜೇಬಿನಿಂದಲೇ ಹೋಗಬೇಕಿತ್ತು. ಮಧ್ಯರಾತ್ರಿ ದಾಟಿದ ಮೇಲೆ “ಗಟ್ಟಿ ಸಿಕ್ತು ಯಜಮಾನ್ರೆ” ಅಂದ. ನಾವು ನಂಬಿದೆವು. 520 ಅಡಿಗೆ ನೀರೂ ಬಂತು, ಪೂಜೆಯೂ ಆಯಿತು. ಮೂರೇ ತಿಂಗಳು. ನೀರು ಕೆಂಪಗೆ ಬರತೊಡಗಿತು, ಆಮೇಲೆ ಬೋರ್ ಒಳಗೇ ಕುಸಿದು ಮೋಟರು, ಪೈಪು ಎಲ್ಲಾ ಭೂಮಿ ಪಾಲು. ಫೋನ್ ಮಾಡಿದರೆ “ಮಾತಾಡ್ದಂಗೆ ಆರ್ನೂರು ಅಡಿ ಕೊರ್ದು ಕೊಟ್ಟಿದ್ದೀನಲ್ಲ” ಎಂಬ ಉತ್ತರ.

ಏಜೆಂಟ್ ಮಾಡಿದ್ದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೋಸಕ್ಕೆ ಜಾಗ ಮಾಡಿಕೊಟ್ಟಿದ್ದು ನಮ್ಮ ಒಪ್ಪಂದ. ನಮ್ಮ ಜಮೀನಿನ ಒಳಗೆ ಏನಿದೆ ಅಂತ ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನೆಲ್ಲಾ ಒಂದು ರೇಟಿನಲ್ಲಿ ಕಟ್ಟಿ ಅವನ ತಲೆ ಮೇಲೆ ಹೊರಿಸಿ, ನಾವು ಗೆದ್ದೆವು ಅಂದುಕೊಂಡೆವು. ಅವನು ಆ ಹೊರೆಯನ್ನು ಕತ್ತಲಲ್ಲಿ ವಾಪಸ್ ನಮ್ಮ ಮೇಲೇ ಇಳಿಸಿ ಹೋದ.

ಈಗ ಇದೇ ಪ್ರಶ್ನೆಯನ್ನು ಸಾವಿರಾರು ಕೋಟಿಯ ಸುರಂಗಕ್ಕೆ ಹಾಕಿ ನೋಡಿ. ಸುರಂಗ ತೋಡುವ ಮೊದಲೂ ಬೋರ್ ಕೊರೆಯುತ್ತಾರೆ, ನೀರಿಗಲ್ಲ, ಮಣ್ಣು ಮತ್ತು ಕಲ್ಲಿನ ಮಾದರಿ ತೆಗೆಯೋದಕ್ಕೆ. ಒಂದೊಂದು ಬೋರ್ ಕೆಲವೇ ಇಂಚು ಅಗಲ. ಎರಡು ಬೋರ್‌ಗಳ ನಡುವೆ ಇರುವುದೆಲ್ಲಾ ಅಂದಾಜು. ಹಿಮಾಲಯದಂಥ ಕಡೆ ಬೆಟ್ಟವೇ ಅಷ್ಟು ಎತ್ತರ ಇರುವಾಗ ಮೇಲಿನಿಂದ ಬೋರ್ ಹಾಕಿ ನೋಡೋದೂ ಕಷ್ಟ. ಮನಾಲಿ ಹತ್ತಿರದ ಅಟಲ್ ಸುರಂಗದ ಉದ್ದ 9.02 ಕಿಲೋಮೀಟರ್. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೇರಿ ನಾಲಾ ಎಂಬ ಕಡೆಯ 587 ಮೀಟರ್. ಶಿಲೆ ಪುಡಿಪುಡಿ, ಮೇಲಿಂದ ನೀರು.

ನಮ್ಮ ಬೆಂಗಳೂರಿನ ಒಳಗೂ ನೆಲ ಒಂದೇ ಥರ ಇಲ್ಲ. ಒಂದು ಕಡೆ ಗಟ್ಟಿ ಬಂಡೆ, ಅದರ ಪಕ್ಕದಲ್ಲೇ ಕಲ್ಲು ಕೊಳೆತು ಆದ ಮಣ್ಣು, ಆ ಮಣ್ಣಿನೊಳಗೆ ದೊಡ್ಡ ದೊಡ್ಡ ಗುಂಡುಗಳು. ಜೊತೆಗೆ ಯಾರೂ ನಕ್ಷೆಯಲ್ಲಿ ಗುರುತು ಹಾಕದೆ ಮುಚ್ಚಿಟ್ಟ ಹಳೇ ಬಾವಿಗಳು. ಸುರಂಗ ಯಂತ್ರದ ಚಕ್ರದ ಅರ್ಧ ಬಂಡೆಗೂ ಇನ್ನರ್ಧ ಮಣ್ಣಿಗೂ ತಾಗುತ್ತಿದ್ದರೆ ಕೆಲಸ ಆಮೆ ನಡಿಗೆ. ‘ಊರ್ಜಾ’ ಯಂತ್ರ ಕಂಟೋನ್ಮೆಂಟ್‌ನಿಂದ ಹೊರಟು 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಹೊರಬಂತು. ದೂರ ಒಂದು ಕಿಲೋಮೀಟರಿಗೂ ಕಡಿಮೆ, ಹಿಡಿದಿದ್ದು ಒಂದು ವರ್ಷಕ್ಕೂ ಹೆಚ್ಚು.

ಇಂಥ ನೆಲಕ್ಕೆ ಯಾರು ಹೊಣೆ? ಕೆಲಸ ಕೊಡುವವರ ಮೊದಲ ಆಸೆ ನಮ್ಮಪ್ಪನದ್ದೇ: ಒಟ್ಟು ಇಷ್ಟು, ಒಳಗೆ ಏನೇ ಸಿಕ್ಕರೂ ನಿಂದೇ ತಲೆನೋವು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗುತ್ತಿಗೆ ನಮೂನೆಗಳನ್ನು ರೂಪಿಸುವ ಫಿಡಿಕ್ ಎಂಬ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಬಳಿ ಹೆಚ್ಚುಕಡಿಮೆ ಅದೇ ಥರದ ಒಂದು ನಮೂನೆ ಇದೆ, ಹೆಸರು ಸಿಲ್ವರ್ ಬುಕ್. ತಮಾಷೆ ಅಂದ್ರೆ, ನೆಲದಡಿಯ ಕೆಲಸ ಜಾಸ್ತಿ ಇದ್ದರೆ ಇದನ್ನು ಬಳಸಬೇಡಿ ಅಂತ ಆ ಪುಸ್ತಕದ ಮುನ್ನುಡಿಯೇ ಹೇಳುತ್ತೆ.

ಯಾಕೆ ಬೇಡ? ನೆಲದ ಪೂರ್ತಿ ಭಾರ ಹೊರಿಸಿದಾಗ ಗುತ್ತಿಗೆದಾರನ ಮುಂದೆ ಎರಡೇ ದಾರಿ. ಒಂದು, ಕೆಟ್ಟದ್ದೇ ಆಗುತ್ತೆ ಅಂತ ಲೆಕ್ಕ ಹಾಕಿ ರೇಟು ಏರಿಸೋದು. ಆಮೇಲೆ ನೆಲ ಒಳ್ಳೆಯದೇ ಸಿಕ್ಕರೂ ಆ ದುಡ್ಡು ವಾಪಸ್ ಬರೋದಿಲ್ಲ. ಎರಡು, ಟೆಂಡರ್ ಗೆಲ್ಲಲೇಬೇಕು ಅಂತ ರೇಟು ಇಳಿಸಿ, ದೇವರ ಮೇಲೆ ಭಾರ ಹಾಕೋದು. ನೆಲ ಕೈಕೊಟ್ಟರೆ ಕೆಲಸ ನಿಲ್ಲುತ್ತೆ, ಕೋರ್ಟು ಕಚೇರಿ ಶುರುವಾಗುತ್ತೆ, ಇಲ್ಲಾ ಕೇಸಿಂಗ್ ಕಡಿಮೆ ಬೀಳುತ್ತೆ. ಸುರಂಗದಲ್ಲಿ ಕೇಸಿಂಗ್ ಕಡಿಮೆ ಬಿದ್ದರೆ ಹೋಗೋದು ಮೋಟರ್ ಅಲ್ಲ, ಒಳಗಿರೋ ಮನುಷ್ಯರು.

ಹಾಗಾಗಿ ಫಿಡಿಕ್ ಮತ್ತು ಅಂತರರಾಷ್ಟ್ರೀಯ ಸುರಂಗ ಸಂಘಟನೆ ಸೇರಿ ನೆಲದಡಿಯ ಕೆಲಸಕ್ಕೇ ಒಂದು ಬೇರೆ ನಮೂನೆ ಮಾಡಿದರು. 2019ರ ಮೇ ತಿಂಗಳಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಬಿಡುಗಡೆಯಾದ ಅದರ ಹೆಸರು ಎಮರಾಲ್ಡ್ ಬುಕ್. ಅದರ ಹೃದಯ ಒಂದು ದಾಖಲೆ: ಜಿಯೋಟೆಕ್ನಿಕಲ್ ಬೇಸ್‌ಲೈನ್ ರಿಪೋರ್ಟ್. ಇಷ್ಟು ದೂರ ಈ ಥರದ ಬಂಡೆ, ಇಷ್ಟು ದೂರ ಮಣ್ಣು, ಇಷ್ಟು ನೀರು ಬರಬಹುದು ಅಂತ ಕೆಲಸ ಕೊಡುವವರು ಮೊದಲೇ ಬರೆದು ಕೊಡಬೇಕು. ಇದು ಭವಿಷ್ಯ ಹೇಳೋದಲ್ಲ, ಗೆರೆ ಎಳೆಯೋದು. ಗೆರೆಯ ಒಳಗೆ ಏನು ಸಿಕ್ಕರೂ ಗುತ್ತಿಗೆದಾರನ ಪಾಲು, ಗೆರೆ ದಾಟಿದ್ದು ಕೆಲಸ ಕೊಟ್ಟವರ ಪಾಲು.

ಹಾಗಂತ ಗುತ್ತಿಗೆದಾರನಿಗೆ ಸುಮ್ಮನೆ ಬಿಟ್ಟಿಲ್ಲ. ಈ ಬಂಡೆಯಲ್ಲಿ ದಿನಕ್ಕೆ ಇಷ್ಟು ಮೀಟರ್, ಆ ಮಣ್ಣಿನಲ್ಲಿ ಇಷ್ಟು ಮೀಟರ್ ತೋಡ್ತೀನಿ ಅಂತ ಟೆಂಡರ್‌ನಲ್ಲೇ ಅವನು ವೇಗ ಬರೆದು ಕೊಡಬೇಕು. ಆ ವೇಗ ಸಿಗದಿದ್ದರೆ, ಯಂತ್ರ ಕೆಟ್ಟರೆ, ಅದು ಅವನದೇ ನಷ್ಟ. ತೋಡಿದಂತೆಲ್ಲಾ ಎರಡೂ ಕಡೆಯವರು ಸೇರಿ ನಿಜವಾಗಿ ಸಿಕ್ಕಿದ್ದೇನು ಅಂತ ಅಳೆದು ಬರೆಯುತ್ತಾರೆ. ಮಣ್ಣು ಜಾಸ್ತಿ ಸಿಕ್ಕರೆ ದುಡ್ಡೂ ದಿನವೂ ಹೆಚ್ಚುತ್ತೆ. ಅಂದುಕೊಂಡಿದ್ದಕ್ಕಿಂತ ಒಳ್ಳೇ ನೆಲ ಸಿಕ್ಕರೆ ಗಡುವು ಹಿಂದಕ್ಕೂ ಬರುತ್ತೆ. ತಕ್ಕಡಿ ಎರಡೂ ಕಡೆ ವಾಲುತ್ತೆ. ನನಗೆ ಇಷ್ಟವಾಗಿದ್ದು ಇದೇ. ನೆಲ ಯಾರದೋ ನೆಲದ ಭಾರ ಅವರದು, ಯಂತ್ರ ಯಾರದೋ ಯಂತ್ರದ ಭಾರ ಅವರದು.

ಗೆರೆ ಎಳೆದ ಮಾತ್ರಕ್ಕೆ ಜಗಳ ಬರೋದೇ ಇಲ್ಲ ಅಂತ ಅಲ್ಲ. ಅಮೆರಿಕದ ಸಿಯಾಟಲ್ ನೋಡಿ. ಅಲ್ಲಿ ಹಳೇ ಫ್ಲೈಓವರ್ ಒಂದರ ಬದಲು ಊರಿನ ಅಡಿಯಲ್ಲಿ ಸುರಂಗ ರಸ್ತೆ ಮಾಡೋಕೆ 17.5 ಮೀಟರ್ ಅಗಲದ ಯಂತ್ರ ತಂದರು. ಹೆಸರು ‘ಬರ್ತಾ’. ಅಮೆರಿಕದ ಗುತ್ತಿಗೆಗಳಲ್ಲಿ ಬೇಸ್‌ಲೈನ್ ರಿಪೋರ್ಟ್ ಎಂಬುದು ಎಮರಾಲ್ಡ್ ಬುಕ್‌ಗಿಂತ ಹಳೆಯ ಪದ್ಧತಿ. 2013ರ ಡಿಸೆಂಬರ್‌ನಲ್ಲಿ, ಸುಮಾರು 300 ಮೀಟರ್ ತೋಡಿದ್ದ ಬರ್ತಾ ನಿಂತುಬಿಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ಅದು 8 ಇಂಚಿನ ಒಂದು ಉಕ್ಕಿನ ಪೈಪಿಗೆ ತಾಗಿತ್ತು. ಆ ಪೈಪ್ ಏನು ಗೊತ್ತಾ? ಒಂದು ಬೋರಿನ ಕೇಸಿಂಗ್! ಅಂತರ್ಜಲ ಪರೀಕ್ಷೆಗೆ ಅಂತ 2002ರಲ್ಲಿ ಇದೇ ಯೋಜನೆಗಾಗಿ ಹಾಕಿದ್ದು.

ಗುತ್ತಿಗೆದಾರರು ಯಂತ್ರ ಕೆಟ್ಟಿದ್ದಕ್ಕೆ ಪೈಪೇ ಕಾರಣ, ಅದು ಅಲ್ಲಿದೆ ಅಂತ ನಮಗೆ ಸರಿಯಾಗಿ ಹೇಳಿರಲಿಲ್ಲ ಅಂದರು. ಸರ್ಕಾರದವರು ಪೈಪಿನ ವಿಷಯ ದಾಖಲೆಯಲ್ಲೇ ಇತ್ತು, ಕೆಟ್ಟಿದ್ದು ನಿಮ್ಮ ಯಂತ್ರದ ದೋಷದಿಂದ ಅಂದರು. ನೆಲದ ಭಾರವೋ ಯಂತ್ರದ ಭಾರವೋ? ಮತ್ತೆ ಅದೇ ಪ್ರಶ್ನೆ. ಯಂತ್ರವನ್ನು ರಿಪೇರಿ ಮಾಡಿ ಮತ್ತೆ ಹೊರಡಿಸುವಾಗ 2015ರ ಡಿಸೆಂಬರ್ ಆಗಿತ್ತು. ರಸ್ತೆ ತೆರೆದಿದ್ದು 2019ರ ಫೆಬ್ರುವರಿಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜ್ಯೂರಿ ಸರ್ಕಾರದ ಪರ ನಿಂತು 5.72 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಎಲ್ಲೋ ಒಂದು ಕಡತದಲ್ಲಿದ್ದ ಪೈಪ್, ಎಲ್ಲರ ಕಣ್ಣಿಗೆ ಬೀಳುವಂತೆ ಗೆರೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರೆ ಅಂತ ಯೋಚಿಸಿ. ಬೇಸ್‌ಲೈನ್ ಇದ್ದರೆ ಸಾಲದು, ಅದು ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು.

ಐಟಿಯಲ್ಲಿ ಇರುವವರಿಗೆ ಇದು ಹೊಸ ಕಥೆ ಅನ್ನಿಸಲಿಕ್ಕಿಲ್ಲ. ಹತ್ತು ವರ್ಷದ ಹಳೇ ಕೋಡನ್ನು ಹೊಸ ಸಿಸ್ಟಮ್‌ಗೆ ಸಾಗಿಸುವ ಕೆಲಸಕ್ಕೆ ಒಟ್ಟು ರೇಟು, ಒಟ್ಟು ಗಡುವು ಒಪ್ಪಿಕೊಂಡು ಬಂದಿರ್ತಾರೆ. ಒಳಗಿಳಿದ ಮೇಲೆ ಗೊತ್ತಾಗುತ್ತೆ, ಯಾರೂ ನಕ್ಷೆಯಲ್ಲಿ ಹಾಕದ ಬಾವಿಗಳು ಎಷ್ಟಿವೆ ಅಂತ. ಆಮೇಲೆ ನಾವೂ ಅದೇ ಮಾಡ್ತೀವಿ, ಟೆಸ್ಟಿಂಗ್ ಕಡಿಮೆ ಮಾಡ್ತೀವಿ. ಅದು ನಮ್ಮ ಕೇಸಿಂಗ್. ಹಾಗಾಗಿ ಈಗ ಯಾವ ಪ್ರಾಜೆಕ್ಟ್‌ಗೆ ಅಂದಾಜು ಕೇಳಿದರೂ ಮೊದಲು ಒಂದು ಪುಟ ಬರೀತೀನಿ: ನಾವು ಏನೇನು ಅಂದುಕೊಂಡಿದ್ದೀವಿ, ಅದು ತಪ್ಪಾದರೆ ಯಾರ ಪಾಲು. ಮ್ಯಾನೇಜರ್‌ಗೆ ಅದು ಕಿರಿಕಿರಿ. ಆದರೆ ಆ ಕಿರಿಕಿರಿ ಮೊದಲ ದಿನವೇ ಮುಗಿಯುತ್ತೆ.

ಜನರ ತೆರಿಗೆ ದುಡ್ಡಲ್ಲಿ ಸರ್ಕಾರ ಯಾಕೆ ನೆಲದ ಭಾರ ಹೊರಬೇಕು ಅಂತ ನೀವು ಕೇಳಬಹುದು. ಒಂದಲ್ಲ ಒಂದು ದಾರಿಯಲ್ಲಿ ಹೊರುತ್ತಲೇ ಇದೆ, ಏರಿಸಿದ ರೇಟಿನಲ್ಲೋ, ಕೋರ್ಟಿನ ಖರ್ಚಿನಲ್ಲೋ, ಮುಗಿಯದ ಬ್ಯಾರಿಕೇಡುಗಳ ಮುಂದೆ ನಾವು ಕಳೆಯುವ ಗಂಟೆಗಳಲ್ಲೋ. ಪ್ರಶ್ನೆ ಇರೋದು, ಬೆಳಕಲ್ಲಿ ಅಳೆದು ಹೊರಬೇಕಾ, ಕತ್ತಲಲ್ಲಿ ಮೋಸ ಹೋಗಿ ಹೊರಬೇಕಾ ಅಂತ. ಅಂದಹಾಗೆ ಬೆಳಕಲ್ಲಿ ಅಳೆಯೋದಕ್ಕೂ ಶ್ರಮ ಬೇಕು. ಬೋರ್ ಜಾಸ್ತಿ ಹಾಕಿ ನೋಡಬೇಕು, ದಿನಾ ಸುರಂಗದ ಮುಖದಲ್ಲಿ ನಿಂತು ಬರೆದುಕೊಳ್ಳುವ ತಿಳಿದ ಜನ ಬೇಕು. ಅವರಿಲ್ಲದಿದ್ದರೆ ಅಡಿ ಲೆಕ್ಕದಲ್ಲೂ ಮೋಸ ಆಗುತ್ತೆ, ಅಪ್ಪನ ಭಯ ಪೂರ್ತಿ ಸುಳ್ಳೇನಲ್ಲ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಎಂಬ ಯೋಜನೆಯ ಬಗ್ಗೆ ನಾವೆಲ್ಲಾ ಜಗಳ ಆಡ್ತೀವಿ. ಬೇಕೋ ಬೇಡವೋ, ಟೋಲ್ ಎಷ್ಟು ಅಂತ. ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳೋಣ: ನೆಲ ಯಾರ ಪಾಲಿಗೆ ಬರೆದಿದೆ? ಗೆರೆ ಎಲ್ಲಿ ಎಳೆದಿದ್ದೀರಿ, ತೋರಿಸಿ.

ಎರಡನೇ ಬೋರ್ ಕಥೆ ಚಿಕ್ಕದು. ಮರುವರ್ಷ ಬೇರೆ ಗಾಡಿ, ಅಡಿ ಲೆಕ್ಕ, 300 ಅಡಿ ದಾಟಿದರೆ ಅಡಿಗಿಷ್ಟು ಜಾಸ್ತಿ, ಕೇಸಿಂಗ್ ಇಳಿಸಿದಷ್ಟಕ್ಕೆ ಬೇರೆ ದುಡ್ಡು ಅಂತ ಚೀಟಿಯಲ್ಲಿ ಬರೆಸಿದೆವು. ರಾತ್ರಿ ಟಾರ್ಚ್ ಹಿಡಿದು ಪೈಪ್ ಎಣಿಸಿದ್ದು ನಾನೇ. ಈ ಸಲವೂ ಮಣ್ಣು ಮುಗಿಯಲೇ ಇಲ್ಲ. 100 ಅಡಿ ಹತ್ತಿರ ಗಾಡಿಯವನು ಅಪ್ಪನ ಮುಖ ನೋಡಿದ. “ಇನ್ನೂ ಇಳಿಸ್ಲಾ ಯಜಮಾನ್ರೆ?”

ಅಪ್ಪ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ “ಗಟ್ಟಿ ಸಿಗೋವರ್ಗೂ ಇಳ್ಸಪ್ಪ, ಭೂಮಿ ನಮ್ದಲ್ವಾ” ಅಂದರು.

115 ಅಡಿ ಕೇಸಿಂಗ್ ಬಿತ್ತು. ಬಿಲ್ಲು ಜಾಸ್ತಿಯೇ ಆಯಿತು. ಆ ಬೋರ್ ಇವತ್ತಿಗೂ ನಡೀತಿದೆ.