ಶುಶ್ರೂಷೆಯ ವಲಸೆ: ಹೋದವರು ಮತ್ತು ಉಳಿದವರು

2020ರ ಮಾರ್ಚ್ ತಿಂಗಳ ಕೊನೆಯ ದಿನಗಳಲ್ಲಿ ಬ್ರಿಟನ್‌ನಲ್ಲಿ ಕೊರೋನಾಕ್ಕೆ ಬಲಿಯಾದ ಮೊದಲ ವೈದ್ಯರ ಹೆಸರುಗಳನ್ನು ನಮ್ಮಲ್ಲಿ ಹಲವರು ಈಗ ಮರೆತಿರಬಹುದು. ಪಾಕಿಸ್ತಾನ ಮೂಲದ ಡಾ. ಹಬೀಬ್ ಝೈದಿ, ಸುಡಾನ್ ಮೂಲದ ಡಾ. ಆದಿಲ್ ಅಲ್ ತಯ್ಯಾರ್ ಮತ್ತು ಡಾ. ಅಮ್ಜದ್ ಅಲ್ ಹೌರಾನಿ, ನೈಜೀರಿಯಾ ಮೂಲದ ಡಾ. ಆಲ್ಫಾ ಸಆದು. ನಾಲ್ವರೂ ಮುಸ್ಲಿಮರು, ನಾಲ್ವರ ಬೇರುಗಳೂ ಬ್ರಿಟನ್ನಿನ ಹೊರಗಿದ್ದವು. ಸಾವಿನ ಬಳಿಕ ಅವರನ್ನು ದೇಶಕ್ಕಾಗಿ ಪ್ರಾಣ ತೆತ್ತವರೆಂದು ಪತ್ರಿಕೆಗಳು ಕೊಂಡಾಡಿದವು. ಅದೇ ವರ್ಷದ ಮೇ ತಿಂಗಳವರೆಗೂ ಆ ದೇಶದಲ್ಲಿ ವಲಸೆ ಬಂದ ವೈದ್ಯರು ಮತ್ತು ನರ್ಸ್‌ಗಳು ತಾವು ದುಡಿಯುವ ಆಸ್ಪತ್ರೆ ವ್ಯವಸ್ಥೆಯನ್ನು ಬಳಸುವುದಕ್ಕಾಗಿ ತಲಾ ವರ್ಷಕ್ಕೆ 400 ಪೌಂಡ್ ಹೆಚ್ಚುವರಿ ಶುಲ್ಕ ತೆರಬೇಕಾಗಿತ್ತು. ರೋಗಿಯ ಹಾಸಿಗೆಯ ಪಕ್ಕ ರಾತ್ರಿಯಿಡೀ ನಿಲ್ಲುವವರಿಂದಲೇ ಚಿಕಿತ್ಸೆಯ ಶುಲ್ಕ! ಸಾರ್ವಜನಿಕ ಟೀಕೆ ಹೆಚ್ಚಿದ ಮೇಲಷ್ಟೇ ಸರಕಾರ ಅವರಿಗೆ ಅದರಿಂದ ವಿನಾಯಿತಿ ನೀಡಿತು.

ಈ ಪೈಕಿ ಡಾ. ತಯ್ಯಾರ್ ಅವರ ಬದುಕು ನಮ್ಮನ್ನು ಹೆಚ್ಚು ಆಲೋಚನೆಗೆ ಹಚ್ಚುತ್ತದೆ. ಖಾರ್ತೂಮ್ ವಿಶ್ವವಿದ್ಯಾನಿಲಯದಲ್ಲಿ ಕಲಿತ ಅವರು ಅಂಗಾಂಗ ಕಸಿಯ ಶಸ್ತ್ರಚಿಕಿತ್ಸಕರಾಗಿ ಸೌದಿ ಅರೇಬಿಯದಲ್ಲೂ ಬ್ರಿಟನ್‌ನಲ್ಲೂ ದುಡಿದರು. ನಡುವೆ ಒಮ್ಮೆ ತಾಯ್ನಾಡಿಗೆ ಮರಳಿ ಅಲ್ಲಿ ಕಸಿ ಚಿಕಿತ್ಸೆಯ ವ್ಯವಸ್ಥೆಯನ್ನು ಕಟ್ಟಲು ಶ್ರಮಿಸಿದರು. ಮತ್ತೆ ಬ್ರಿಟನ್‌ಗೆ ಬಂದರು. ವಲಸೆ ಹೋದವರೆಲ್ಲ ತಾಯ್ನಾಡನ್ನು ಮರೆತವರು ಎಂಬ ಸುಲಭದ ಆರೋಪಕ್ಕೆ ಇಂತಹ ಬದುಕುಗಳು ಸಾಕಷ್ಟು ಉತ್ತರವಾಗಿವೆ. ಆದರೆ ಒಬ್ಬ ವೈದ್ಯನನ್ನು ರೂಪಿಸಲು ಸುಡಾನ್‌ನಂತಹ ಬಡ ದೇಶ ಮಾಡಿದ ವೆಚ್ಚದ ಫಲವನ್ನು ಉಣ್ಣುವವರು ಯಾರು ಎಂಬ ಪ್ರಶ್ನೆಯೂ ಅಲ್ಲಿಯೇ ಉಳಿದುಕೊಳ್ಳುತ್ತದೆ.

ಶ್ರೀಮಂತ ರಾಷ್ಟ್ರಗಳಿಗೆ ಇದು ಅಗ್ಗದ ವ್ಯವಹಾರ. ನರ್ಸ್ ಒಬ್ಬಳನ್ನು ತಮ್ಮಲ್ಲಿಯೇ ಓದಿಸಿ ತಯಾರು ಮಾಡಲು ವರ್ಷಗಳೂ ಹಣವೂ ಬೇಕು. ಇನ್ನೊಂದು ದೇಶ ತಯಾರಿಸಿಟ್ಟವಳನ್ನು ಕರೆತರಲು ಒಂದು ವೀಸಾ, ಒಂದು ವಿಮಾನದ ಟಿಕೆಟು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.8 ಕೋಟಿ ನರ್ಸ್‌ಗಳಿದ್ದಾರೆ. ಇನ್ನೂ 59 ಲಕ್ಷ ಮಂದಿಯ ಕೊರತೆಯಿದೆ. ಆ ಕೊರತೆಯ ಶೇ. 89ರಷ್ಟು ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿದೆ. ಅದೇ ವೇಳೆ ಪ್ರತಿ ಎಂಟು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ಅಥವಾ ಕಲಿತ ದೇಶದ ಹೊರಗೆ ದುಡಿಯುತ್ತಿದ್ದಾರೆ.

ಇದನ್ನು ತಡೆಯಲು ನಿಯಮಗಳೇ ಇಲ್ಲವೆಂದಲ್ಲ. 2010ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಸೇರಿ ಆರೋಗ್ಯ ಸಿಬ್ಬಂದಿಯ ಅಂತಾರಾಷ್ಟ್ರೀಯ ನೇಮಕಾತಿಗೊಂದು ಸಂಹಿತೆಯನ್ನು ಅಂಗೀಕರಿಸಿದವು. ತೀವ್ರ ಕೊರತೆಯಿರುವ ದೇಶಗಳಿಂದ ಮುನ್ನುಗ್ಗಿ ನೇಮಕ ಮಾಡಿಕೊಳ್ಳಬಾರದು ಎಂಬುದು ಅದರ ತಿರುಳು. 2023ರಲ್ಲಿ ಅಂತಹ 55 ದೇಶಗಳ ಪಟ್ಟಿ ಪ್ರಕಟವಾಯಿತು. ಪಾಕಿಸ್ತಾನ, ಅಫ್ಘಾನಿಸ್ತಾನ, ಯಮನ್, ಸುಡಾನ್, ಸೊಮಾಲಿಯಾ ಎಲ್ಲವೂ ಅದರಲ್ಲಿವೆ. ಆದರೆ ಆ ಸಂಹಿತೆ ಸ್ವಯಂಪ್ರೇರಿತವಾದುದು. ಪಾಲಿಸದವರಿಗೆ ಶಿಕ್ಷೆಯಿಲ್ಲ.

ಭಾರತ ಈ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ನರ್ಸ್‌ಗಳು ಧಾರಾಳವಾಗಿದ್ದಾರೆ ಎಂಬುದು ಹೊರಗಿನವರ ನಂಬಿಕೆ. ನಮ್ಮ ಸರಕಾರಗಳಿಗೂ ಆ ನಂಬಿಕೆ ಹಿತಕರವಾಗಿದೆ. ಕರ್ನಾಟಕವಂತೂ ನರ್ಸಿಂಗ್ ಕಾಲೇಜುಗಳ ಬೀಡು. ಬೆಂಗಳೂರು, ಮಂಗಳೂರುಗಳಲ್ಲಿ ಕೇರಳದಿಂದ ಬಂದು ಕಲಿತು ಹೊರದೇಶಕ್ಕೆ ಹಾರಿದವರ ತಲೆಮಾರುಗಳೇ ಇವೆ. ಒಂದೆಡೆ ಪದವಿ ಹಿಡಿದು ಉದ್ಯೋಗಕ್ಕಾಗಿ ಅಲೆಯುವ ನರ್ಸ್‌ಗಳು, ಇನ್ನೊಂದೆಡೆ ಒಬ್ಬಳೇ ನರ್ಸ್ ಇಡೀ ವಾರ್ಡ್ ನೋಡಿಕೊಳ್ಳುವ ಆಸ್ಪತ್ರೆ. ಈ ವೈರುಧ್ಯದ ಗುಟ್ಟು ಸಂಬಳದಲ್ಲಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಕೇಂದ್ರ ಸರಕಾರ ರಚಿಸಿದ ಸಮಿತಿಯು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ ಸ್ಪಷ್ಟ ಶಿಫಾರಸು ಮಾಡಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ಸರಕಾರಿ ನರ್ಸ್‌ಗೆ ಸಮನಾದ ವೇತನ, 50 ಹಾಸಿಗೆಗಳಿಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಫಲಿತಾಂಶ ಏನಾಯಿತೆಂದು ತಿಳಿಯಲು ನಮ್ಮ ಊರಿನ ಯಾವುದಾದರೂ ನರ್ಸಿಂಗ್ ಹೋಮ್‌ಗೆ ಹೋಗಿ ಅಲ್ಲಿನ ಹೆಣ್ಣುಮಗಳನ್ನು ಸೌಜನ್ಯದಿಂದ ಕೇಳಿದರೆ ಸಾಕು.

ಇಲ್ಲಿ ಒಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕಾಗಿದೆ. ಕರಾವಳಿಯಲ್ಲಿ ನಮ್ಮ ಸಮುದಾಯದವರೇ ನಡೆಸುವ ಆಸ್ಪತ್ರೆಗಳಿವೆ, ಕಾಲೇಜುಗಳಿವೆ, ಟ್ರಸ್ಟ್‌ಗಳಿವೆ. ಅವುಗಳ ವಾರ್ಷಿಕೋತ್ಸವಗಳಲ್ಲಿ ಸೇವೆಯ ಮಹತ್ವದ ಬಗ್ಗೆ ಭಾಷಣಗಳು ನಡೆಯುತ್ತವೆ. ಅಲ್ಲಿ ದುಡಿಯುವ ನರ್ಸ್‌ಗೆ ಸಿಗುವ ಮೊತ್ತ ಆ 20,000ಕ್ಕೆ ಎಷ್ಟು ದೂರದಲ್ಲಿದೆ? ಕೆಲಸ ಬಿಟ್ಟುಹೋಗದಂತೆ ಅವಳ ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವ ಪದ್ಧತಿ ಎಲ್ಲೆಲ್ಲಿ ಇದೆ? ಕಾರ್ಮಿಕನ ಬೆವರು ಆರುವ ಮುನ್ನ ಅವನ ಕೂಲಿಯನ್ನು ಪಾವತಿಸಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಬೋಧನೆ ಆಡಳಿತ ಮಂಡಳಿಯ ಸಭೆಗೂ ಅನ್ವಯಿಸುತ್ತದೆ.

ಮನೆಯೊಳಗಿನ ವಿಷಯಕ್ಕೆ ಬರೋಣ. ನಾವು ಗಂಡುಮಕ್ಕಳನ್ನು ಗಲ್ಫ್‌ಗೆ ಕಳುಹಿಸಲು ಹಿಂಜರಿದವರಲ್ಲ. ಹೆಣ್ಣುಮಗಳು ನರ್ಸ್ ಆಗುತ್ತೇನೆ ಎಂದಾಗ ಮಾತ್ರ ರಾತ್ರಿ ಪಾಳಿ, ಪರಪುರುಷರ ಶುಶ್ರೂಷೆ, ಮದುವೆ ಸಂಬಂಧ ಎಂದೆಲ್ಲ ನಮಗೆ ನೆನಪಾಗುತ್ತದೆ. ಮದೀನಾದ ಮಸೀದಿಯ ಆವರಣದಲ್ಲಿ ಗುಡಾರ ಹಾಕಿ ಗಾಯಾಳುಗಳ ಆರೈಕೆ ಮಾಡಿದ ರುಫೈದಾ(ರ)ರ ಚರಿತ್ರೆ ನಮಗೆ ತಿಳಿಯದ್ದೇನಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಇರಿಸಿದ್ದೂ ಅವರ ಗುಡಾರದಲ್ಲಿಯೇ. ನಮ್ಮ ಪತ್ನಿಯ ಹೆರಿಗೆಗೆ ಮಹಿಳಾ ಸಿಬ್ಬಂದಿಯೇ ಬೇಕೆಂದು ಪಟ್ಟು ಹಿಡಿಯುವ ನಾವು, ಆ ಸಿಬ್ಬಂದಿ ಯಾರದೋ ಮನೆಯ ಮಗಳಾಗಿರಲಿ ಎಂದು ಬಯಸುವುದು ನ್ಯಾಯವೇ?

ಮಗಳು ಹೊರದೇಶಕ್ಕೆ ಹೋದ ಮೇಲೆ ಇನ್ನೊಂದು ಬಗೆಯ ಅನ್ಯಾಯ ಶುರುವಾಗುತ್ತದೆ. ಅವಳ ಸಂಬಳದಿಂದ ಮನೆಗೆ ತಾರಸಿ ಬರುತ್ತದೆ, ತಮ್ಮನ ಓದು ಮುಗಿಯುತ್ತದೆ, ತಂಗಿಯ ಮದುವೆಯಾಗುತ್ತದೆ. ಅವಳ ಮಗು ಅಜ್ಜಿಯ ಬಳಿ ಬೆಳೆಯುತ್ತದೆ. ತಾಯಿಯನ್ನು ಮೊಬೈಲ್ ಪರದೆಯಲ್ಲಿ ಗುರುತಿಸಲು ಕಲಿಯುತ್ತದೆ. ‘ದುಡ್ಡಿಗಾಗಿ ಮಗುವನ್ನು ಬಿಟ್ಟುಹೋದಳು’ ಎಂಬ ಮಾತು ಅದೇ ತಾರಸಿಯ ಕೆಳಗೆ ಕೇಳಿಬರುತ್ತದೆ. ಗಂಡಸು ಹೋದಾಗ ತ್ಯಾಗವೆನಿಸಿದ್ದು ಹೆಂಗಸು ಹೋದಾಗ ಅಪರಾಧವಾಗುವುದು ಹೇಗೆಂದು ನಮಗೆ ಅರ್ಥವಾಗಿಲ್ಲ.

ಹೋಗುವ ದಾರಿಯಲ್ಲಿ ಇರುವ ಬೇಟೆಗಾರರ ಬಗ್ಗೆ ಹೇಳದಿದ್ದರೆ ಈ ಚರ್ಚೆ ಅಪೂರ್ಣ. 2015ರಲ್ಲಿ ಕುವೈತ್‌ಗೆ ನರ್ಸ್‌ಗಳನ್ನು ಕಳುಹಿಸುವ ಹಗರಣವೊಂದು ಕೇರಳದಲ್ಲಿ ಬಯಲಾಯಿತು. ಸುಮಾರು 20,000 ರೂಪಾಯಿಯಷ್ಟು ಮಾತ್ರ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ 20 ಲಕ್ಷದ ಹತ್ತಿರ ವಸೂಲಿ ಮಾಡಲಾಗಿತ್ತು ಎಂಬ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಅದರ ಹಿಂದಿನ ವರ್ಷ ಇರಾಕಿನ ತಿಕ್ರೀತ್‌ನಲ್ಲಿ ಸಿಲುಕಿದ್ದ 46 ಭಾರತೀಯ ನರ್ಸ್‌ಗಳ ಪೈಕಿ ಕೆಲವರು ಗುಂಡಿನ ಸದ್ದಿನ ನಡುವೆಯೂ ಹೊರಡಲು ಅನುಮಾನಿಸಿದ್ದರು. ಊರಿನಲ್ಲಿ ಸಾಲ ಕಾಯುತ್ತಿತ್ತು, ಆಸ್ಪತ್ರೆಯಿಂದ ಸಂಬಳ ಬಾಕಿಯಿತ್ತು. 2014ರ ಜುಲೈ 5ರಂದು ಅವರು ಕೊಚ್ಚಿಗೆ ಬಂದಿಳಿದಾಗ ದೇಶ ನಿಟ್ಟುಸಿರು ಬಿಟ್ಟಿತು. ಸಾಲವಂತೂ ಅವರ ಜೊತೆಗೇ ಬಂದಿಳಿದಿತ್ತು.

ಹಾಗಾದರೆ ಬಾಗಿಲು ಮುಚ್ಚಬೇಕೇ? ದಶಕಗಳಿಂದ ಜಗತ್ತಿಗೆ ನರ್ಸ್‌ಗಳನ್ನು ಕಳುಹಿಸುತ್ತ ಬಂದಿರುವ ಫಿಲಿಪ್ಪೀನ್ಸ್ ಕೊರೋನಾ ಕಾಲದಲ್ಲಿ ಅದನ್ನು ಪ್ರಯತ್ನಿಸಿತು. ಮೊದಲು ನಿಷೇಧ, ಬಳಿಕ ವರ್ಷಕ್ಕೆ 5,000 ಮಂದಿಯ ಮಿತಿ, ನಂತರ 6,500, ಆ ಮೇಲೆ 7,000. ಅಲ್ಲಿನ ನರ್ಸ್‌ಗಳು ಇದನ್ನು ವಿರೋಧಿಸಿದರು. ಇಲ್ಲಿ ಹೊಟ್ಟೆ ತುಂಬಿಸದೆ ಅಲ್ಲಿಗೆ ಹೋಗಬೇಡವೆನ್ನುವ ಹಕ್ಕು ಯಾರಿಗಿದೆ ಎಂಬುದೇ ಅವರ ವಾದದ ಸಾರ. ಅವರ ವಾದ ನಮಗೆ ಸರಿಯೆನಿಸುತ್ತದೆ. ದೇಶಪ್ರೇಮದ ಹೆಸರಿನಲ್ಲಿ ನರ್ಸ್‌ನ ದಾರಿ ಅಡ್ಡಗಟ್ಟುವವರು ಐಟಿ ಇಂಜಿನಿಯರನ ದಾರಿಯನ್ನು ಎಂದೂ ಅಡ್ಡಗಟ್ಟಿದವರಲ್ಲ. ಕರೆಸಿಕೊಳ್ಳುವ ದೇಶಗಳು ಕಳುಹಿಸುವ ನಾಡಿನ ತರಬೇತಿಗೆ ಹಣ ತೊಡಗಿಸಬೇಕು. ನಮ್ಮ ರಾಜ್ಯ ಆ ವೇತನ ಶಿಫಾರಸನ್ನು ಕಡತದಿಂದ ಹೊರತೆಗೆಯಬೇಕು. ಉಳಿಯುವ ಹಕ್ಕು ಇದ್ದವಳಿಗೆ ಮಾತ್ರ ಹೋಗುವುದು ಆಯ್ಕೆಯಾಗುತ್ತದೆ.

ಅಲ್ಲಿಯವರೆಗೆ ಹೊರಡುವ ಹೆಣ್ಣುಮಕ್ಕಳ ಮನೆಯವರು ಇಷ್ಟಾದರೂ ತಿಳಿದಿರಲಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಅದಕ್ಕೂ ರಶೀದಿ ಕೊಡಬೇಕು. ಏಜೆಂಟ್‌ನ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಸೌದಿ, ಕುವೈತ್, ಕತಾರ್, ಯುಎಇಯೂ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಕೇಂದ್ರ ಸರಕಾರ 2015ರಿಂದ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಿದೆ. ಸಂದರ್ಶಕ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎನ್ನುವವನ ಮಾತಿಗೆ ಕಿವಿಗೊಡಬಾರದು. ಕರ್ನಾಟಕ ಸರಕಾರದ ಅಂತಾರಾಷ್ಟ್ರೀಯ ವಲಸೆ ಕೇಂದ್ರದಲ್ಲಿಯೂ ವಿಚಾರಿಸಬಹುದು. ಉದ್ಯೋಗ ಒಪ್ಪಂದದ ಪ್ರತಿ ಹೊರಡುವ ಮುನ್ನವೇ ಮನೆಯಲ್ಲಿರಲಿ. ಅದನ್ನು ಮಗಳು ಮಾತ್ರವಲ್ಲ, ತಂದೆಯೂ ತಾಯಿಯೂ ಕುಳಿತು ಓದಲಿ, ಅರ್ಥವಾಗದಿದ್ದರೆ ಓದಿಸಿ ಕೇಳಲಿ. ಚಿನ್ನ ಅಡವಿಡುವ ಮಾತು ಬಂದರೆ ಅದು ಆ ಬಳಿಕ.