ಶಸ್ತ್ರಕ್ರಿಯೆಗೆ ಹೋಗುವವನಿಗೆ ಜೊತೆ ಬೇಕು

ಅಹಮದಾಬಾದಿನ ಬೋಡಕ್‌ದೇವ್ ಭಾಗದಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಎರಡು ಬಗೆಯ ಫಲಕಗಳು ಎದ್ದು ಕಾಣುತ್ತವೆ. ಒಂದು ಉಪಾಹಾರ ಗೃಹಗಳದು, ಇನ್ನೊಂದು ಆಸ್ಪತ್ರೆಗಳದು. ಮೊದಲನೆಯದರ ಒಳಗೆ ಒಲೆಯ ಮುಂದೆಯೂ ಗಲ್ಲಾದ ಹಿಂದೆಯೂ ನಮ್ಮವರಿದ್ದಾರೆ. ಎರಡನೆಯದರ ಮೆಟ್ಟಿಲನ್ನು ನಮ್ಮವರಲ್ಲಿ ಕೆಲವರು ಈಚೆಗೆ ಬೇರೊಂದು ಕಾರಣಕ್ಕಾಗಿ ಹತ್ತತೊಡಗಿದ್ದಾರೆ. ಮಿತಿಮೀರಿ ಬೆಳೆದ ಮೈತೂಕವನ್ನು ಇಳಿಸುವ ಶಸ್ತ್ರಕ್ರಿಯೆಯೇ ಆ ಕಾರಣ. ಅವರು ಹೋಗುವುದನ್ನು ನಾವು ಆಕ್ಷೇಪಿಸುವುದಿಲ್ಲ. ಅವರು ಒಬ್ಬರೇ ಹೋಗುತ್ತಾರೆ, ಯಾರಿಗೂ ಹೇಳದೆ ಹೋಗುತ್ತಾರೆ ಎಂಬುದೇ ನಮ್ಮ ಚಿಂತೆಗೆ ವಿಷಯವಾಗಿದೆ.

ಈ ಮರೆಮಾಚುವಿಕೆಗೆ ಕಾರಣ ನಾವೇ. ದಪ್ಪಗಿರುವವನನ್ನು ಕಂಡರೆ ನಗುವುದು ನಮ್ಮ ಹಳೆಯ ರೂಢಿ. ಹೋಟೇಲಿನ ಅಡುಗೆಮನೆಯಲ್ಲಿ ಅವನಿಗೊಂದು ಅಡ್ಡಹೆಸರು, ಕಚೇರಿಯಲ್ಲಿ ಇನ್ನೊಂದು. ‘ತಿಂದದ್ದು ಹೆಚ್ಚಾಯಿತು’ ಎಂಬ ಒಂದು ಮಾತಿನಲ್ಲಿ ಅವನ ವಿಚಾರಣೆ ಮುಗಿದುಹೋಗುತ್ತದೆ. ಆದರೆ ವೈದ್ಯಶಾಸ್ತ್ರವು ಇಂದು ಸ್ಥೂಲತೆಯನ್ನು ಒಂದು ದೀರ್ಘಕಾಲಿಕ ವ್ಯಾಧಿಯೆಂದು ಪರಿಗಣಿಸುತ್ತದೆ. ವಂಶವಾಹಿ, ನಿದ್ರೆ, ಮನಸ್ಸಿನ ಒತ್ತಡ, ದುಡಿಮೆಯ ರೀತಿ ಎಲ್ಲವೂ ಅದರಲ್ಲಿ ಪಾಲು ಪಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಹೆಚ್ಚುಕಡಮೆ ನಾಲ್ವರಿಗೊಬ್ಬರು ಅಧಿಕ ತೂಕದವರು. ನಮ್ಮವರ ದಿನಚರಿಯನ್ನು ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುವವನಿಗೆ ಗಿರಾಕಿಗಳ ನಡುವೆ ಐದು ನಿಮಿಷದಲ್ಲಿ ಅನ್ನ ನುಂಗಬೇಕು. ಸಕ್ಕರೆಯ ಚಹಾದಿಂದ ದಣಿವನ್ನು ದೂಡಬೇಕು. ಬಾಗಿಲು ಮುಚ್ಚಿದ ಮೇಲೆ ನಡುರಾತ್ರಿಯಲ್ಲಿ ಉಳಿದದ್ದನ್ನು ಹೊಟ್ಟೆ ತುಂಬ ತಿಂದು ಕೂಡಲೇ ಮಲಗಬೇಕು. ಗುಮಾಸ್ತನು ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತು, ಬೆಳಗ್ಗೆ ಫಾಫಡಾ ಜಲೇಬಿ, ಸಂಜೆ ಗಾಠಿಯಾ ಎಂದು ಕಾಲ ಕಳೆಯುತ್ತಾನೆ. ಇಂತಹ ಬಾಳಿನಲ್ಲಿ ಬೆಳೆದ ತೂಕವನ್ನು ಬರಿಯ ಬಾಯಿಚಪಲವೆಂದು ಹಳಿಯುವುದು ನ್ಯಾಯವಲ್ಲ.

ಈ ಶಸ್ತ್ರಕ್ರಿಯೆಯ ಬಗ್ಗೆ ನಮ್ಮವರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಒಂದು, ಇದು ಹೊಟ್ಟೆಯ ಮೇಲಿನ ಕೊಬ್ಬನ್ನು ಕೊಯ್ದು ತೆಗೆಯುವುದೆಂಬುದು. ಹಾಗಲ್ಲ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಕಾಯಿಯಂತಹ ಸಣ್ಣ ಕೊಳವೆಯನ್ನು ಉಳಿಸುತ್ತಾರೆ. ಬೈಪಾಸ್ ಎಂಬ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಈ ಎರಡನೆಯ ಮಾರ್ಗವನ್ನು ಅಮೇರಿಕೆಯ ಅಯೋವಾದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ನರು 1966ರಲ್ಲಿ ಆರಂಭಿಸಿದರು. ಇಂದು ಇವೆರಡೂ ಸಣ್ಣ ರಂಧ್ರಗಳ ಮೂಲಕ ದೂರ್ಬೀನಿನ ನೆರವಿನಿಂದ ನಡೆಯುತ್ತವೆ. ಅನುಭವವುಳ್ಳ ಕೇಂದ್ರಗಳಲ್ಲಿ ಪ್ರಾಣಾಪಾಯವು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ. ಅಪಾಯ ಅಲ್ಪ, ಆದರೆ ಶೂನ್ಯವಲ್ಲ.

ಎರಡನೆಯ ತಪ್ಪು ಕಲ್ಪನೆಯೆಂದರೆ ಇದು ಚೆಲುವಿಗಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯೆಂಬುದು. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ಅಳತೆಗೋಲಾಗಿ ಬಳಸುತ್ತಾರೆ. ಐದೂವರೆ ಅಡಿಗಿಂತ ತುಸು ಕಡಮೆ, ಅಂದರೆ 1.65 ಮೀಟರ್ ಎತ್ತರದವನಿಗೆ ಈ ಅಂಕಿ 35 ಆಗುವುದು ಸುಮಾರು 95 ಕಿಲೋ ತೂಕದಲ್ಲಿ. 40 ಆಗುವುದು ಸುಮಾರು 109 ಕಿಲೋದಲ್ಲಿ. ಈ ಮಟ್ಟದವರಿಗೆ, ಮತ್ತು ಮಧುಮೇಹ, ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಮುಂತಾದವು ಜೊತೆಗಿದ್ದರೆ ಇದಕ್ಕಿಂತ ಕೆಳಗಿನ ಮಟ್ಟದವರಿಗೂ, ಈ ಚಿಕಿತ್ಸೆ ಉಚಿತವೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. 2025ರಿಂದ ನಮ್ಮ ದೇಶದಲ್ಲಿಯೂ ತೂಕ ಇಳಿಸುವ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ಬಂದಿವೆ. ಯಾರಿಗೆ ಯಾವುದು ಎಂಬುದನ್ನು ತೀರ್ಮಾನಿಸತಕ್ಕವರು ವೈದ್ಯರೇ ಹೊರತು ಜಾಹೀರಾತುಗಳಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ತಮ್ಮ 21ನೆಯ ವಯಸ್ಸಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡ ವಾರ್ತೆಯನ್ನು ವಾಚಕರು ಮರೆತಿರಲಾರರು. ಅದು ನಾವು ಇಲ್ಲಿ ಹೇಳುತ್ತಿರುವ ಚಿಕಿತ್ಸೆಯಲ್ಲ. ಎರಡನ್ನೂ ಒಂದೆಂದು ತಿಳಿದು ಹೆದರಬೇಕಾಗಿಲ್ಲ. ಆದರೆ ತಂದೆತಾಯಿಗಳಿಗೆ ಆ ವಿಷಯ ಮೊದಲೇ ತಿಳಿದಿರಲಿಲ್ಲವೆಂದು ಅಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಮಾತು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ನಗೆಗೆ ಅಂಜಿ ಮುಚ್ಚಿಡುವ ಸ್ಥಿತಿಗೆ ಯಾರನ್ನೂ ತಳ್ಳಬಾರದು.

ಈಗ ಸಿದ್ಧತೆಯ ವಿಚಾರ. ಶಸ್ತ್ರಕ್ರಿಯೆ ಮೇಜಿನ ಮೇಲೆ ನಡೆಯುವುದು ಒಂದೆರಡು ಗಂಟೆ. ಆಸ್ಪತ್ರೆಯಲ್ಲಿ ಇರಬೇಕಾದದ್ದು ಸಾಮಾನ್ಯವಾಗಿ ಎರಡು ಮೂರು ದಿನ. ಉಳಿದುದೆಲ್ಲವೂ ರೋಗಿಯ ಕೈಯಲ್ಲಿದೆ. ಮುಂಚೆಯೇ ರಕ್ತ, ಹೃದಯ, ಶ್ವಾಸಕೋಶಗಳ ಪರೀಕ್ಷೆ ಆಗಬೇಕು. ಆಹಾರತಜ್ಞರೊಡನೆಯೂ ಮನಶ್ಶಾಸ್ತ್ರಜ್ಞರೊಡನೆಯೂ ಮಾತಾಗಬೇಕು. ಯಕೃತ್ತು ಕುಗ್ಗಿ ವೈದ್ಯರ ಕೈಗೆ ಎಡೆ ಸಿಗಲೆಂದು ಅನೇಕ ಕಡೆ ಸುಮಾರು ಎರಡು ವಾರ ಅಲ್ಪ ಶಕ್ತಿಯ, ಹೆಚ್ಚು ಪ್ರೋಟೀನಿನ ಪಥ್ಯವನ್ನು ವಿಧಿಸುತ್ತಾರೆ. ಬೀಡಿ ಸಿಗರೇಟುಗಳನ್ನು ವಾರಗಳ ಮುಂಚೆಯೇ ಬಿಡಬೇಕು. ಈ ನಾಡಿನಲ್ಲಿ ಬಂದು ಕಲಿತ ಮಾವಾವನ್ನೂ ಬಿಡಬೇಕು. ಸೇವಿಸುತ್ತಿರುವ ಪ್ರತಿಯೊಂದು ಮಾತ್ರೆಯನ್ನು, ಮೇಲೆ ಹೇಳಿದ ಚುಚ್ಚುಮದ್ದನ್ನು ಸಹ, ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಬೇಕು. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗಿ, ಇಡೀ ದಿನ ಬೋಂಡಾ ಕರಿಯುವವನು ಎರಡು ವಾರ ಪಥ್ಯದಲ್ಲಿರುವುದು ಹೇಗೆ? ಒಪ್ಪಿಗೆಯ ಕಾಗದದಲ್ಲಿ ಬರೆದಿರುವ ಇಂಗ್ಲಿಷನ್ನೋ ಗುಜರಾತಿಯನ್ನೋ ಅವನಿಗೆ ಕನ್ನಡದಲ್ಲಿ ತಿಳಿಯಹೇಳುವವರು ಯಾರು?

ಚೇತರಿಕೆಯ ಹಾದಿ ಇದಕ್ಕಿಂತಲೂ ಉದ್ದವಾದುದು. ಮೊದಲು ತಿಳಿನೀರಿನಂತಹ ದ್ರವ, ಬಳಿಕ ಮಜ್ಜಿಗೆ, ಬೇಳೆಕಟ್ಟು, ಅನಂತರ ಅರೆದ ಆಹಾರ, ಆಮೇಲೆ ಮೆತ್ತನೆಯ ಅನ್ನ; ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಮಾನ್ಯ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ತುತ್ತನ್ನು ನುಣ್ಣಗಾಗುವವರೆಗೆ ಅಗಿದು, ಅರ್ಧ ಗಂಟೆ ಕುಳಿತು ಉಣ್ಣಬೇಕು. ಊಟದ ಜೊತೆ ನೀರು ಕುಡಿಯಬಾರದು. ದಿನಕ್ಕೆ ಸುಮಾರು 60 ಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರೋಟೀನ್ ಬೇಕು. ಸಸ್ಯಾಹಾರಿಗಳು ಇದನ್ನು ಹಾಲು, ಮೊಸರು, ಪನೀರು, ಬೇಳೆಕಾಳುಗಳಿಂದ ಎಚ್ಚರದಿಂದ ಒದಗಿಸಿಕೊಳ್ಳಬೇಕು. ಬಿ12, ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವದ ಮಾತ್ರೆಗಳು ಜೀವನಪರ್ಯಂತ; ರಕ್ತಪರೀಕ್ಷೆಯೂ ಹಾಗೆಯೇ. ನೋವಿಗೆಂದು ಅಂಗಡಿಯ ಮಾತ್ರೆಯನ್ನು ನುಂಗಿದರೆ ಹುಣ್ಣಾಗುವ ಭಯವುಂಟು. ಮದ್ಯವು ಮೊದಲಿಗಿಂತ ಬೇಗ ಏರುತ್ತದೆ; ಈ ರಾಜ್ಯದಲ್ಲಿ ಪಾನನಿಷೇಧವಿದ್ದರೂ ರಜೆಯಲ್ಲಿ ಊರಿಗೆ ಹೋದಾಗ ಇದನ್ನು ನೆನೆಯಬೇಕು. ಸ್ತ್ರೀಯರು ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕು. ಮೂರನೆಯ ತಿಂಗಳ ಸುಮಾರಿಗೆ ಕೂದಲು ಉದುರತೊಡಗಿದರೆ ಗಾಬರಿಯಾಗುವುದು ಸಹಜ. ಬಹುಮಂದಿಗೆ ಅದು ಮತ್ತೆ ಬೆಳೆಯುತ್ತದೆ.

ಕೆಲವು ಲಕ್ಷಣಗಳನ್ನು ಮಾತ್ರ ಒಂದು ಗಳಿಗೆಯೂ ಅಲಕ್ಷಿಸಬಾರದು. ಜ್ವರ, ಎದೆಬಡಿತದ ವೇಗ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ಕಷ್ಟ, ಮೀನಖಂಡದ ಬಾವು, ನೀರೂ ನಿಲ್ಲದ ವಾಂತಿ, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ‘ಅಮ್ಮನ ಕೈಯ ಗಂಜಿ ಕುಡಿಯುತ್ತೇನೆ’ ಎಂದು ಕೊಂಕಣ ರೈಲು ಹತ್ತುವ ಆಸೆ ನಮ್ಮವರಿಗೆ ಬರುವುದುಂಟು. ದೀರ್ಘಕಾಲ ಕುಳಿತ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವೈದ್ಯರ ಅನುಮತಿಯಿಲ್ಲದೆ ಹೊರಡುವುದು ಸರ್ವಥಾ ತರವಲ್ಲ. ಒಬ್ಬನೇ ಕೋಣೆಯಲ್ಲಿ ಮಲಗಿರುವವನ ಜ್ವರವನ್ನು ನಡುರಾತ್ರಿ ಮುಟ್ಟಿನೋಡುವವರು ಯಾರು? ನಮ್ಮ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿಯೇ ಇದೆ.

ಇದಕ್ಕೆ ನಾವು ಸೂಚಿಸುವ ಉತ್ತರ ಜೊತೆಗಾರರ ಕೂಟ. ಸಮಾನದುಃಖಿಗಳು ಕೂಡಿ ಕುಳಿತು ಒಬ್ಬರಿಗೊಬ್ಬರು ಆಸರೆಯಾಗುವ ಪದ್ಧತಿ ಹೊಸತಲ್ಲ. ಕುಡಿತ ಬಿಡಬಯಸುವವರ ಕೂಟ ಅಮೇರಿಕೆಯಲ್ಲಿ 1935ರಲ್ಲಿಯೇ ಹುಟ್ಟಿತು. ತೂಕ ಇಳಿಸಬಯಸುವವರದು 1948ರಲ್ಲಿ ಮಿಲ್ವಾಕೀ ನಗರದಲ್ಲಿ ಎಸ್ತರ್ ಮ್ಯಾನ್ಸ್ ಎಂಬ ಗೃಹಿಣಿಯಿಂದ ಆರಂಭವಾಯಿತು. ಶಸ್ತ್ರಕ್ರಿಯೆಯ ಬಳಿಕ ಇಂತಹ ಕೂಟಗಳಿಗೆ ತಪ್ಪದೆ ಬರುವವರ ತೂಕವು ಬಾರದವರಿಗಿಂತ ಹೆಚ್ಚು ಇಳಿದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕೆಲವು ಆಸ್ಪತ್ರೆಗಳು ತಾವೇ ಇಂತಹ ಸಭೆಗಳನ್ನು ನಡೆಸುತ್ತವೆ. ಅಲ್ಲಿಗೆ ನಮ್ಮವರು ಹೋಗಲಿ. ಆದರೆ ಹಸಿವಿನ ಮಾತನ್ನೂ ನಾಚಿಕೆಯ ಮಾತನ್ನೂ ಮನುಷ್ಯನು ತಾಯ್ನುಡಿಯಲ್ಲಿಯೇ ಬಿಚ್ಚಿ ಹೇಳಬಲ್ಲನು. ಅಹಮದಾಬಾದ್, ವಡೋದರ, ಸೂರತ್ ಈ ಮೂರು ನಗರಗಳಲ್ಲಿಯೂ ತಿಂಗಳಿಗೊಮ್ಮೆ, ಹೋಟೇಲುಗಳಿಗೆ ಬಿಡುವಾಗುವ ಮಧ್ಯಾಹ್ನದ ಹೊತ್ತಿನಲ್ಲಿ, ಶಸ್ತ್ರಕ್ರಿಯೆ ಆದವರೂ ಆಗಬೇಕಾದವರೂ ಒಂದು ಗಂಟೆ ಕನ್ನಡದಲ್ಲಿ ಮಾತನಾಡುವಂತಾದರೆ ಸಾಕು. ಹೊಸಬನೊಬ್ಬನಿಗೆ ಹಳಬನೊಬ್ಬ ಜೊತೆಗಾರ. ಅವನು ಆಸ್ಪತ್ರೆಗೆ ಒಡನೆ ಹೋಗಲಿ, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡಲಿ, ಮೊದಲ ಹದಿನೈದು ರಾತ್ರಿ ಕರೆದರೆ ಓಗೊಡುವಷ್ಟು ಸಮೀಪದಲ್ಲಿರಲಿ.

ಕೂಟಕ್ಕೆ ಕೆಲವು ಕಟ್ಟಳೆಗಳೂ ಅವಶ್ಯ. ಅಲ್ಲಿ ಕೇಳಿದ್ದು ಹೊರಗೆ ಹೋಗಕೂಡದು. ಒಬ್ಬನ ಮಾತ್ರೆಯನ್ನು ಇನ್ನೊಬ್ಬನಿಗೆ ಸೂಚಿಸಕೂಡದು. ವೈದ್ಯರ ಸ್ಥಾನವನ್ನು ಜೊತೆಗಾರನು ಆಕ್ರಮಿಸಕೂಡದು. ಪುಡಿ, ಟಾನಿಕ್ಕು ಮಾರುವವರಿಗೂ ಆಸ್ಪತ್ರೆಯ ದಲ್ಲಾಳಿಗಳಿಗೂ ಪ್ರವೇಶವಿರಕೂಡದು. ಯಾರು ಎಷ್ಟು ಕಿಲೋ ಇಳಿದರೆಂಬ ಪಂದ್ಯ ಬೇಡ. ಮುಖ್ಯವಾಗಿ, ಇಳಿದ ತೂಕ ಮರಳಿ ಬಂದವನಿಗೆ ಅಲ್ಲಿ ಮೊದಲ ಮಣೆ ದೊರೆಯಬೇಕು. ಗೆದ್ದವನ ಕಥೆ ಉತ್ಸಾಹ ಕೊಡುತ್ತದೆ. ಎಡವಿದವನ ಕಥೆ ದಾರಿಯ ಕಲ್ಲನ್ನು ತೋರಿಸುತ್ತದೆ. ಜಠರವನ್ನು ಕಿರಿದು ಮಾಡಬಲ್ಲ ಶಸ್ತ್ರವು ನಡುರಾತ್ರಿಯ ಊಟದ ಅಭ್ಯಾಸವನ್ನು ಕತ್ತರಿಸಲಾರದು ಎಂಬುದನ್ನು ಅವನಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಹೋಟೇಲು ಮಾಲಿಕರಿಗೂ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಬಹುಮಂದಿ ಮಾಣಿಗಳಾಗಿಯೇ ಬದುಕನ್ನು ಆರಂಭಿಸಿದವರು. ಚೇತರಿಸಿಕೊಳ್ಳುತ್ತಿರುವ ನೌಕರನಿಗೆ ವೈದ್ಯರು ಹೇಳಿದಷ್ಟು ದಿನ ರಜೆ ಕೊಡಿರಿ. ಮರಳಿ ಬಂದವನಿಗೆ ಕೆಲವು ವಾರ ಅಕ್ಕಿಮೂಟೆ ಹೊರಿಸದೆ ಗಲ್ಲಾದಲ್ಲಿಯೋ ಲೆಕ್ಕದ ಪುಸ್ತಕದಲ್ಲಿಯೋ ಕೆಲಸ ಕೊಡಿರಿ. ಅರ್ಧ ಗಂಟೆ ಕುಳಿತು ಉಣ್ಣುವ ಅವಕಾಶ ಕೊಡಿರಿ. ಆ ಅರ್ಧ ಗಂಟೆ ಎಲ್ಲ ನೌಕರರಿಗೂ ದೊರೆತರೆ ಶಸ್ತ್ರಕ್ರಿಯೆಯ ಅಗತ್ಯವೇ ಕೆಲವರಿಗೆ ಬಾರದೆ ಹೋದೀತು. ಖರ್ಚು ಲಕ್ಷಗಳಲ್ಲಿ ಬರುವುದರಿಂದ ವಿಮೆಯ ವಿಚಾರವನ್ನೂ ಮೊದಲೇ ನೋಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ನಿಯಮದ ಮೇರೆಗೆ, ಮೇಲೆ ಹೇಳಿದ ಅಂಕಿ 40 ಅಥವಾ ಅದಕ್ಕೆ ಮೇಲ್ಪಟ್ಟವರಿಗೆ, ಇಲ್ಲವೆ ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ, ತೀವ್ರವಾದ ನಿದ್ರಾಶ್ವಾಸರೋಗಗಳಂತಹವು ಸೇರಿ 35 ಅಥವಾ ಅದಕ್ಕೆ ಮೇಲ್ಪಟ್ಟವರಿಗೆ, ಇತರ ಉಪಾಯಗಳು ಫಲಿಸದಿದ್ದಾಗ ವೈದ್ಯರ ಸಲಹೆಯಿಂದ ಆಗುವ ಶಸ್ತ್ರಕ್ರಿಯೆಯನ್ನು ‘ಸ್ಥೂಲತೆಯ ಚಿಕಿತ್ಸೆ’ಯೆಂಬ ಕಾರಣದಿಂದಲೇ ಹೊರಗಿಡಲಾಗದು. ಪಾಲಿಸಿಯ ಕಾಯುವ ಅವಧಿ ಮತ್ತು ಮಿತಿಗಳನ್ನು ಓದಿ ತಿಳಿಯಲು ನಮ್ಮ ಗುಮಾಸ್ತ ಬಾಂಧವರು ಹೋಟೇಲಿನ ಸೋದರರಿಗೆ ನೆರವಾಗಬಲ್ಲರು.

ಊರು ಬಿಟ್ಟು ಬಂದ ಕನ್ನಡಿಗರು ಮುಂಬಯಿಯಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದರು. ಓದಿಲ್ಲದವನೆಂದು ಅವನನ್ನು ನಗಲಿಲ್ಲ. ಬೆಂಚು ಹಾಕಿಕೊಟ್ಟರು, ದೀಪ ಹಚ್ಚಿಕೊಟ್ಟರು. ಅದೇ ಬುದ್ಧಿ ಇಂದು ದೇಹದ ಸಂಕಟದ ವಿಷಯದಲ್ಲಿಯೂ ನಮಗಿರಬೇಕು. ‘ಇನ್ನೊಂದು ದೋಸೆ ಹಾಕಲೇ’ ಎಂದು ಬಲವಂತ ಮಾಡುವುದು ನಮ್ಮ ಪ್ರೀತಿಯ ಭಾಷೆ. ಕೆಲವರ ಮುಂದೆ ಆ ಮಾತನ್ನು ನುಂಗಿಕೊಂಡು, ‘ನಾಳೆ ಆಸ್ಪತ್ರೆಗೆ ನಾನೂ ಬರಲೇ’ ಎಂದು ಕೇಳುವುದನ್ನು ನಾವು ಕಲಿಯಬೇಕಾಗಿದೆ. ಈ ಮೂರು ನಗರಗಳ ಕನ್ನಡ ಸಂಘಸಂಸ್ಥೆಗಳು ಒಂದು ಕೋಣೆಯನ್ನೂ ತಿಂಗಳಿಗೆ ಒಂದು ಮಧ್ಯಾಹ್ನವನ್ನೂ ಇದಕ್ಕಾಗಿ ಮೀಸಲಿಡಲೆಂದು ನಾವು ಮನಃಪೂರ್ವಕವಾಗಿ ವಿನಂತಿಸುತ್ತೇವೆ.